ಪಕ್ಕದ ಗೇಟು

ಹಿಟ್ಟು ಇನ್ನೂ ಹುಳಿ ಬಂದಿರಲಿಲ್ಲ, ಇವರಿಗೆಲ್ಲ ಮನೆ ನೋಡಲು ಹೊರಡುವ ಅವಸರ. ನೀಲಾವತಿ ಹಿಟ್ಟಿಗೆ ಹೊದಿಸಿದ್ದ ದಪ್ಪ ರಜಾಯಿಯ ಅಂಚೆತ್ತಿ, ದೊಡ್ಡ ತಪಲೆಯ ಮುಚ್ಚಳ ಸರಿಸಿ, ಬೆರಳು ಅದ್ದಿ ಮೂಸಿದಳು. ಹಸಿ ಅಕ್ಕಿಯ ವಾಸನೆ, ಅಷ್ಟೇ. ಜನವರಿಯ ದೆಹಲಿಯಲ್ಲಿ ದೋಸೆ ಹಿಟ್ಟು ಉಬ್ಬುವುದೆಂದರೆ ಹಟ ಹಿಡಿದ ಮಗುವನ್ನು ಹಾಸಿಗೆಯಿಂದ ಏಳಿಸಿದ ಹಾಗೆ. ಬೈದರೂ ಕೇಳುವುದಿಲ್ಲ, ಮುದ್ದು ಮಾಡಿದರೂ ಕೇಳುವುದಿಲ್ಲ, ಹತ್ತಿರ ಕೂತಿರಬೇಕು. ಕೆಳಗೆ, ಓಲ್ಡ್ ರಾಜಿಂದರ್ ನಗರದ ಇಕ್ಕಟ್ಟು ಗಲ್ಲಿಯಲ್ಲಿ, ಮಗ ಹಿತೇಶ್ ಕಾರಿನ ಹಾರನ್ ಒತ್ತುತ್ತಲೇ ಇದ್ದ. ಒತ್ತಲಿ. ಸಂಜೆಗೆ ಹಿಟ್ಟು ಬಾರದಿದ್ದರೆ ಕೋಚಿಂಗ್ ಮುಗಿಸಿ ಹಸಿದು ಹೋಟೆಲಿಗೆ ಬರುವ ಮಕ್ಕಳಿಗೆ ಇವನ ಹಾರನ್ನನ್ನು ಕಾವಲಿಯ ಮೇಲೆ ಹುಯ್ದು ಕೊಡಲಿಕ್ಕಾಗುತ್ತದೆಯೇ? “ನೀಲು, ಬಾ ಮಾರಾಯ್ತಿ, ಹಿಂದಿನ ಗಾಡಿಯವ ಬೊಬ್ಬೆ ಹೊಡೀತಿದ್ದಾನೆ,” ಎಂದು ಗಂಡ ಜಯಾನಂದ ಮೆಟ್ಟಿಲ ಬುಡದಿಂದ ಕೂಗಿದ. “ಬಂದೆ ಅಂದ್ರೆ ಬಂದೆ. ನನಗೇನು ರೆಕ್ಕೆ ಉಂಟಾ?” ಎಂದು ಇವಳೂ ಕೂಗಿ, ರಜಾಯಿಯನ್ನು ಇನ್ನೊಂದು ಸುತ್ತು ಬಿಗಿದಳು. ಇಳಿಯುವಾಗ ಅಡುಗೆಯ ಮರಿಯಪ್ಪನಿಗೆ ಹೇಳಿದಳು, ಮಧ್ಯಾಹ್ನ ತಪಲೆಯನ್ನು ಒಲೆಯ ಹತ್ತಿರ ತಂದಿಡು, ಆದರೆ ಮುಚ್ಚಳ ತೆಗೆದು ಇಣುಕಬೇಡ. ಮರಿಯಪ್ಪ ಆಯಿತಮ್ಮ ಎಂದ. ಅವನು ಇಣುಕುತ್ತಾನೆಂಬುದು ಅವಳಿಗೆ ಗೊತ್ತಿತ್ತು.

ಕಾರಿನಲ್ಲಿ ಮುಂದೆ ಗಂಡಸರಿಬ್ಬರು, ಹಿಂದೆ ಸೊಸೆ ಮೋನಿಷಾ, ನಡುವೆ ಮೊಮ್ಮಗಳು ನಿರೀಕ್ಷಾ, ಈ ಕಡೆ ಕಿಟಕಿಗೆ ಅಂಟಿಕೊಂಡು ನೀಲಾವತಿ. ಹೋಗುತ್ತಿದ್ದದ್ದು ಯಮುನೆಯ ಆಚೆ, ನೋಯ್ಡಾ ಎಕ್ಸ್‌ಟೆನ್ಶನ್ನಿಗೆ. ಅಲ್ಲಿ ರಸ್ತೆಗಳು ಸೆಟೆದು ನಿಂತಿವೆಯಂತೆ, ಸೆಕ್ಟರಿಗೆ ಸೆಕ್ಟರ್ ಅಳತೆ ಮಾಡಿ ಕಟ್ಟಿದ್ದಾರಂತೆ, ಪಾರ್ಕು, ಈಜುಕೊಳ, ಶಾಲೆ, ಔಷಧಿ ಅಂಗಡಿ ಎಲ್ಲ ಕಾಂಪೌಂಡಿನ ಒಳಗೇ ಅಂತೆ. ಹಿತೇಶ್‌ಗೂ ಮೋನಿಷಾಳಿಗೂ ಆಫೀಸು ನೋಯ್ಡಾದಲ್ಲೇ, ದಿನಾ ಹೋಗಿ ಬರುವಷ್ಟರಲ್ಲಿ ಇಬ್ಬರ ಮುಖವೂ ಹಿಂಡಿದ ಬಟ್ಟೆ. ಅದು ನಿಜ. ಹೋಟೆಲಿನ ಮೇಲಿನ ಎರಡು ಕೋಣೆಯಲ್ಲಿ ಐದು ಜನ ಮಲಗುವುದೂ ನಿಜ, ಒಗ್ಗರಣೆಯ ಹೊಗೆ ಏರಿ ಮಗುವಿಗೆ ಕೆಮ್ಮು ಬಿಡದಿರುವುದೂ ನಿಜ. ನಿಜಗಳೆಲ್ಲ ಮಗನ ಕಡೆ ಇದ್ದವು, ಅದೇ ಅವಳ ಸಿಟ್ಟು. “ಅಮ್ಮ, ಅಲ್ಲಿ ನಿಂಗೆ ಏನೂ ಕೆಲಸ ಇಲ್ಲ, ಆರಾಮ್ ಸೇ ಇರ್ಬೋದು,” ಎಂದ ಹಿತೇಶ್ ಕನ್ನಡಿಯಲ್ಲಿ ಅವಳ ಮುಖ ಹುಡುಕುತ್ತ. “ನಿರೀಕ್ಷಾನ ನೋಡ್ಕೊಳ್ಳೋದು, ಥೋಡಾ ಅಡುಗೆ, ಬಸ್. ಅವಳನ್ನ ಸ್ಕೂಲ್ ಬಸ್ಸಿಗೆ ಬಿಡೋದು, ತರೋದು. ಗೇಟಿಗೇ ಬರುತ್ತೆ ಬಸ್ಸು.” ಮೋನಿಷಾ ಮೆತ್ತಗೆ ಸೇರಿಸಿದಳು, “ನೀವಿಲ್ಲದಿದ್ರೆ ನಮ್ಗೆ ಹೋಗ್ಲಿಕ್ಕೇ ಆಗೋದಿಲ್ಲ ಅತ್ತೆ. ಹೊರಗಿನವರ ಕೈಯಲ್ಲಿ ಮಗು ಬಿಡೋದು ಹೇಗೆ?” ಅಂದರೆ ಇದು ತನ್ನ ತಲೆಯ ಮೇಲೇ ಬಂದು ಕೂತಿತು. ತಾನು ಹೂಂ ಎಂದರೆ ಎಲ್ಲರಿಗೂ ಮನೆ, ಉಹೂಂ ಎಂದರೆ ಎಲ್ಲರಿಗೂ ಹೊಗೆ. ಜಯಾನಂದ ಮುಂದಿನ ಸೀಟಿನಲ್ಲಿ ಏನೂ ಕೇಳಿಸದವನ ಹಾಗೆ ಮಂಜನ್ನು ನೋಡುತ್ತಿದ್ದ.

ಮಂಜು ಎಂದರೆ ಅದೂ ಒಂದು ಮಂಜೇ? ಹಿತೇಶ್ ಹುಟ್ಟಿದ ವರ್ಷದ ಚಳಿಗಾಲದಲ್ಲಿ ಎದುರು ಮನೆಯ ಬಾಗಿಲು ಕಾಣಿಸುತ್ತಿರಲಿಲ್ಲ. ಆಗ ಹೋಟೆಲೆಂದರೆ ಒಂದು ಕಾವಲಿ, ಎರಡು ಬೆಂಚು. ಕುಂದಾಪುರದ ಕಡೆಯ ಹುಡುಗಿಗೆ ಹಿಟ್ಟು ಹುಳಿ ಬಾರದ ಊರೂ ಒಂದು ಇದೆಯೆಂದು ಯಾರೂ ಹೇಳಿರಲಿಲ್ಲ. ಸಪ್ಪೆ ದೋಸೆ ತಿಂದವರು ಮರುದಿನ ಬರಲಿಲ್ಲ. ಜಯಾನಂದ ಬಾಗಿಲಲ್ಲಿ ನಿಂತು ಹೋಗುವ ಜನರ ಬೆನ್ನು ನೋಡುತ್ತಿದ್ದ, ಆ ನೋಟವನ್ನು ಅವಳು ತಡೆಯಲಾರದೆ ಹೋದಳು. ಮನೆಯಲ್ಲಿ ಒಂದೇ ಒಂದು ಒಳ್ಳೆಯ ರಜಾಯಿ. ಅದನ್ನು ಹಿಟ್ಟಿಗೆ ಹೊದಿಸಿ, ತಪಲೆಯನ್ನು ಗಂಡನಿಗೂ ತನಗೂ ನಡುವೆ ಮಲಗಿಸಿಕೊಂಡು, ಮಗುವಿಗೆ ಎರಡು ಸ್ವೆಟರ್ ತೊಡಿಸಿ ಗೋಡೆಯ ಕಡೆಗೆ ಸರಿಸಿದಳು. ಬೆಳಿಗ್ಗೆ ಹಿಟ್ಟು ಉಕ್ಕಿ ಬಂದಿತ್ತು. ಮಗು ಫೆಬ್ರವರಿ ಮುಗಿಯುವ ತನಕ ಕೆಮ್ಮಿತು. ಈಗ ಹಿತೇಶ್ ಅದನ್ನೇ ಗೆಳೆಯರ ಮುಂದೆ ತಮಾಷೆ ಮಾಡಿ ಹೇಳುತ್ತಾನೆ, ನಮ್ಮ ಮನೇಲಿ ಹಿಟ್ಟಿಗೆ ರಜಾಯಿ, ನಂಗೆ ಸ್ವೆಟರ್ ಅಂತ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಆ ಕೆಮ್ಮಿನ ಬಾಕಿಯನ್ನು ಈಗ ಈ ಮಗುವಿನ ಕೆಮ್ಮಿನಲ್ಲಿ ತೀರಿಸು ಎನ್ನುತ್ತಿದ್ದಾನೆಯೇ? ಹಾಗೇನೂ ಅವನು ಎಂದದ್ದಿಲ್ಲ. ಅನ್ನದೆ ಇರುವುದೇ ಅವನ ಜಾಣತನ. ಆದರೆ ಆ ಹಿಟ್ಟು ಅವತ್ತು ಉಕ್ಕದಿದ್ದರೆ ಈ ಕಾರೆಲ್ಲಿತ್ತು, ಈ ಸ್ಟಿಯರಿಂಗ್ ಹಿಡಿದ ಕೈಗೆ ಈ ಗಡಿಯಾರವೆಲ್ಲಿತ್ತು, ಅದನ್ನೂ ತಮಾಷೆ ಮಾಡಿ ಹೇಳಲಿ ನೋಡೋಣ. “ಅಜ್ಜಿ, ಉಲ್ಟಿ,” ಎಂದಿತು ಮಗು, ಎಂದದ್ದಷ್ಟೇ, ಅವಳ ಮಡಿಲಲ್ಲೇ ವಾಂತಿ ಮಾಡಿಬಿಟ್ಟಿತು.

ಪುಣ್ಯಕ್ಕೆ ಅಷ್ಟರಲ್ಲಿ ಆ ಅಪಾರ್ಟ್‌ಮೆಂಟ್ ಸೊಸೈಟಿಯ ಕಾಂಪೌಂಡು ಬಂದಿತ್ತು. ನೀಲಾವತಿ ಮಗುವನ್ನು ಎತ್ತಿಕೊಂಡು ಇಳಿದು, ರಸ್ತೆಯ ಬದಿಯಲ್ಲಿ ಬಾಟಲಿ ನೀರಿನಿಂದ ಅದರ ಬಾಯಿ ತೊಳೆದು, ತನ್ನ ಸೀರೆಯ ಮಡಿಲನ್ನೂ ಉಜ್ಜಿ ಹಿಂಡಿಕೊಂಡಳು. “ನಾವು ಬೇಸ್‌ಮೆಂಟಲ್ಲಿ ಗಾಡಿ ಇಟ್ಟು ಮೇಲೆ ಹೋಗಿರ್ತೇವೆ, ಏಜೆಂಟ್ ಕಾಯ್ತಿದ್ದಾನೆ. ಹದಿನಾಲ್ಕನೇ ಫ್ಲೋರ್ ಅಮ್ಮ, ಲಿಫ್ಟಲ್ಲಿ ಬಂದ್ಬಿಡು,” ಎಂದು ಹಿತೇಶ್ ಕಾರು ಒಳಗೆ ತೆಗೆದುಕೊಂಡ. ಕೈಯಲ್ಲಿ ಮಗು, ಮಡಿಲು ಒದ್ದೆ, ಕಾಲಿಗೆ ಸಾಕ್ಸಿನ ಮೇಲೆ ಚಪ್ಪಲಿ. ಮುಂದೆ ಎರಡು ಗೇಟು. ಒಂದು ದೊಡ್ಡದು, ಹಿತ್ತಾಳೆಯ ಅಕ್ಷರ, ಹೂವಿನ ಕುಂಡ. ಇನ್ನೊಂದು ಪಕ್ಕದಲ್ಲಿ, ಸಣ್ಣದು, ಅಲ್ಲಿ ಒಂದಷ್ಟು ಹೆಂಗಸರು ಸಾಲಾಗಿ ನಿಂತಿದ್ದರು. ಅವಳ ಕಾಲು ಯೋಚನೆಯನ್ನೇ ಮಾಡಲಿಲ್ಲ, ನೆಟ್ಟಗೆ ಸಣ್ಣ ಗೇಟಿಗೆ ನಡೆಯಿತು. ದೆಹಲಿಗೆ ಬಂದಂದಿನಿಂದ ಅವಳು ತನ್ನ ಹೋಟೆಲಿಗೆ ಮುಂಬಾಗಿಲಿನಿಂದ ಹೋದವಳಲ್ಲ. ಗಿರಾಕಿಗಳು ಉಣ್ಣುವಲ್ಲಿ ಮನೆಯ ಹೆಂಗಸು ಹಾದು ಹೋಗಬಾರದೆಂದು ಹಿಂದಿನ ಗಲ್ಲಿ, ಚರಂಡಿಯ ಚಪ್ಪಡಿ, ಗ್ಯಾಸ್ ಸಿಲಿಂಡರುಗಳ ಪಕ್ಕದ ಬಾಗಿಲು. ದೊಡ್ಡ ಬಾಗಿಲು ಕಂಡರೆ ಅದರ ಬದಿಯಲ್ಲಿ ಸಣ್ಣದು ಎಲ್ಲಿದೆಯೆಂದು ಕಾಲೇ ಹುಡುಕುತ್ತದೆ.

“ಯಾವ ಮಹಡಿ ಆಂಟಿ?” ಎಂದು ಕಾವಲಿನವನು ಹಿಂದಿಯಲ್ಲಿ ಕೇಳಿದ, ಮರ್ಯಾದೆಯಿಂದಲೇ. ಹದಿನಾಲ್ಕನೆಯದು ಎಂದಳು. “ಅಚ್ಛಾ, ಅದಕ್ಕೆ ಬರುವ ಹೊಸ ಪಾರ್ಟಿಯ ಕಡೆಯವರು. ಕೆಲಸ ಏನು?” ಮಗು ಹೆಗಲ ಮೇಲೆ ನಿದ್ದೆಗೆ ಜಾರುತ್ತಿತ್ತು, ತೋಳು ಸೋಲುತ್ತಿತ್ತು, ಕಾರಿನಲ್ಲಿ ಕೇಳಿದ ಮಾತು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಅದೇ ಬಾಯಿಗೆ ಬಂತು. “ಬಚ್ಚೀ ಕೋ ದೇಖ್‌ನಾ. ಥೋಡಾ ಖಾನಾ ಬನಾನಾ.” ಅವನು ತಲೆಯಾಡಿಸಿ, ಮೊಬೈಲಿನಲ್ಲಿ ಅವಳ ಫೋಟೋ ತೆಗೆದು, ನೀಲಿ ದಾರದ ಒಂದು ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳಲು ಕೊಟ್ಟ. ಆಸ್ಪತ್ರೆಯಲ್ಲೂ ಹೀಗೇ ಕೊಡುತ್ತಾರಲ್ಲ, ನೋಡಲು ಬಂದವರಿಗೆಲ್ಲ ಕೊಡುತ್ತಾರೇನೋ ಎಂದುಕೊಂಡು ಹಾಕಿಕೊಂಡಳು. “ಆ ಮೂಲೆಯ ಲಿಫ್ಟು ಆಂಟಿ, ಮುಂದಿನದಲ್ಲ,” ಎಂದು ಅವನು ಕೈ ತೋರಿಸಿದ.

ಲಿಫ್ಟಿನೊಳಗೆ ಗೋಡೆಗೆಲ್ಲ ರಟ್ಟು ಹೊಡೆದಿದ್ದರು. ನೀರಿನ ಕ್ಯಾನು ಹೊತ್ತವನೊಬ್ಬ, ಪೊರಕೆ ಹಿಡಿದ ಹೆಂಗಸೊಬ್ಬಳು. ಹೆಂಗಸು ಮಗುವಿನ ಕೆನ್ನೆ ಸವರಿ, ಮೇಡಂ ಹೇಗೆ, ಒಳ್ಳೆಯವಳೋ, ಎಂದು ಕೇಳಿದಳು. ಮೋನಿಷಾ ಇವಳಿಗೆ ಹೇಗೆ ಗೊತ್ತು ಎಂದು ಅನಿಸಿದರೂ ನೀಲಾವತಿ ಪ್ರಾಮಾಣಿಕವಾಗಿ ಉತ್ತರಿಸಿದಳು, ಒಳ್ಳೆಯವಳೇ, ಸ್ವಲ್ಪ ಗಡಿಬಿಡಿ. “ಒಳ್ಳೆಯವಳೇ ಇರಲಿ,” ಎಂದಳು ಆ ಹೆಂಗಸು, “ಭಾನುವಾರದ ರಜೆಯ ಮಾತು ಮೊದಲೇ ಆಡಿಕೋ. ಆಮೇಲೆ ಕೇಳಿದರೆ ಯಾರೂ ಕೊಡೋದಿಲ್ಲ. ಮಗು ನೋಡುವ ಕೆಲಸಕ್ಕೆ ಗಂಟೆ ಅಂತ ಇರೋದಿಲ್ಲ.” ಆಗ ನೀಲಾವತಿ ತಲೆ ತಗ್ಗಿಸಿ ಕೊರಳಿನ ಕಾರ್ಡನ್ನು ನೋಡಿದಳು. ಹಿಂದಿಯನ್ನು ಅವಳು ನಿಧಾನ ಓದುತ್ತಾಳೆ, ಅಂಗಡಿಗಳ ಬೋರ್ಡು ನೋಡಿ ಕಲಿತದ್ದು. ಆಯಾ, ಎಂದು ಬರೆದಿತ್ತು. ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಕೆನ್ನೆ. ಆಮೇಲೆ, ಅವಳಿಗೇ ಆಶ್ಚರ್ಯವಾಗುವಂತೆ, ಒಳಗೆ ಎಲ್ಲೋ ಒಂದು ಗಟ್ಟಿ ನಗು ಎದ್ದಿತು. ಹದಿನಾಲ್ಕನೆಯ ಮಹಡಿ ಬರುವ ಮೊದಲು ಅದನ್ನು ತೆಗೆದು ಸೆರಗಿಗೆ ಕಟ್ಟಿಕೊಳ್ಳಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ತೆಗೆಯಲಿಲ್ಲ. ಕಾರ್ಡನ್ನು ಎದೆಯ ನಡುವಿಗೆ ಸರಿಪಡಿಸಿಕೊಂಡು ಹೊರಗೆ ಕಾಲಿಟ್ಟಳು.

ಆ ಲಿಫ್ಟಿನ ಎದುರಿಗೇ ಇದ್ದ ಅಡುಗೆಮನೆಯ ಬಾಗಿಲಿನಿಂದ ಒಳಹೋದಳು. ಮನೆ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಇತ್ತು. ನೆಲದ ತುಂಬ ಬಿಸಿಲು, ಗೋಡೆಯಲ್ಲಿ ಒಂದು ಮಸಿಯ ಗುರುತಿಲ್ಲ, ಬಚ್ಚಲಿಗೆ ಕಿಟಕಿ. ಬಚ್ಚಲಿಗೆ ಕಿಟಕಿ! ಅದರ ಕೆಳಗೆ ನಿಂತರೆ ಬೆನ್ನಿಗೆ ಬಿಸಿಲು ಬೀಳುವ ಹಾಗಿತ್ತು. ಚರಂಡಿಯ ನಾತವಿಲ್ಲ, ಗಲ್ಲಿಯ ಬೈಗುಳವಿಲ್ಲ, ನೆತ್ತಿಯ ಮೇಲೆ ಜೋತುಬಿದ್ದ ವೈರುಗಳಿಲ್ಲ. ಆ ಬಚ್ಚಲಿನ ಬಾಗಿಲಲ್ಲಿ ನಿಂತು ಅವಳಿಗೆ ಆಸೆಯಾಯಿತು, ಬಾಯಲ್ಲಿ ನೀರೂರುವಂಥ ಆಸೆ. ಆ ಆಸೆಯನ್ನು ಕಂಡು ತನ್ನ ಮೇಲೇ ರೇಗಿಹೋಯಿತು. ಮಗುವನ್ನು ಮೋನಿಷಾಳ ಕೈಗೆ ಕೊಡಲು ಹಾಲಿಗೆ ಬಂದಳು. ಮೊದಲು ನೋಡಿದ್ದು ಏಜೆಂಟು, ಮಾತು ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಮಗುವನ್ನು ಎತ್ತಿಕೊಂಡ ಮೋನಿಷಾ, ಅವಳ ಮುಖ ಕೆಂಪಾಯಿತು. ಜಯಾನಂದ ಕಣ್ಣು ಕಿರಿದು ಮಾಡಿ ಕಾರ್ಡು ಓದಿ ಗಹಗಹಿಸಿ ನಕ್ಕ. “ಅಯ್ಯೋ ದೇವರೇ! ನಿಂಗೆ ನೌಕರಿ ಸಿಕ್ಕಿತಲ್ಲ ಮಾರಾಯ್ತಿ!” ಅವನ ನಗು ಖಾಲಿ ಹಾಲಿನಲ್ಲಿ ಎರಡೆರಡು ಸಲ ಕೇಳಿಸಿತು. ಹಿತೇಶ್ ನಗಲಿಲ್ಲ. ಅವನು ಇಂಟರ್‌ಕಾಮಿನ ಹತ್ತಿರ ಹಾರಿ ಹೋಗಿ ಗೇಟಿನವನ ಮೇಲೆ ಕಿರುಚತೊಡಗಿದ, ಮೇರೀ ಮದರ್ ಹೈಂ ವೋ, ಕಣ್ಣು ಕಾಣಲ್ವಾ, ನಿನ್ನ ನೌಕರಿ ತೆಗೆಸ್ತೇನೆ. ಏಜೆಂಟು ಸಾರಿ ಮಾತಾಜಿ, ಸಾರಿ ಮಾತಾಜಿ ಎನ್ನುತ್ತ ಬಗ್ಗಿ ಕಾರ್ಡು ತೆಗೆಯಲು ಬಂದ. ನೀಲಾವತಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಅವನನ್ನು ಯಾಕೆ ಬೈತಿ? ಫೋನಿಡು.” ಹಿತೇಶ್ ಇಟ್ಟ. ಇಟ್ಟು ಇವಳ ಕಡೆ ತಿರುಗಿದ. “ನೀನೂ ಅಷ್ಟೇ ಅಮ್ಮ! ಬಾಯಿ ಇಲ್ವಾ ನಿಂಗೆ? ಆ ಗೇಟಿಗೆ ಯಾಕೆ ಹೋದೆ? ನಾನು ಫ್ಲ್ಯಾಟ್ ತಗೊಳ್ಳೋರ ಮದರ್ ಅಂತ ಬೋಲ್ ನಹೀಂ ಸಕ್ತೀ ಥೀ ಕ್ಯಾ, ಹೇಳ್ಲಿಕ್ಕಾಗ್ಲಿಲ್ವಾ? ಎಷ್ಟು ಇನ್‌ಸಲ್ಟ್!” ಯಾರಿಗೆ ಇನ್‌ಸಲ್ಟು ಎಂದು ಅವನು ಹೇಳಲಿಲ್ಲ. “ಅವನು ಕೆಲಸ ಏನು ಅಂತ ಕೇಳಿದ, ನಾನು ಹೇಳಿದೆ,” ಎಂದಳು ನೀಲಾವತಿ. “ನೀನು ಕಾರಲ್ಲಿ ಹೇಳಿದ್ದನ್ನೇ ಹೇಳಿದೆ. ಮಗು ನೋಡೋದು, ಸ್ವಲ್ಪ ಅಡುಗೆ. ಅದರಲ್ಲಿ ಒಂದು ಮಾತೂ ನನ್ನದಲ್ಲ.” “ಅದು ಬೇರೆ, ಇದು ಬೇರೆ.” “ಏನು ಬೇರೆ, ಹೇಳು. ನಾನೂ ಕಲಿತುಕೊಳ್ತೇನೆ.” ಮೋನಿಷಾಳ ಕಣ್ಣಲ್ಲಿ ನೀರು ಬಂತು. “ಅತ್ತೆ, ನಾವು ಹಾಗೆ ಯಾವತ್ತೂ ಅಂದ್ಕೊಂಡಿಲ್ಲ. ದೇವರಾಣೆ.” ಅಂದುಕೊಂಡಿಲ್ಲ, ಅದು ನೀಲಾವತಿಗೂ ಗೊತ್ತು. ಅಂದುಕೊಂಡಿದ್ದರೆ ಜಗಳ ಸುಲಭವಿತ್ತು. ಇವರು ಪ್ರೀತಿಯಿಂದಲೇ ಅವಳನ್ನು ಎತ್ತಿ ಒಂದು ಕಪಾಟಿನಲ್ಲಿ ಇಡಲು ಬಂದಿದ್ದರು, ಬಿಸಿಲು ಬೀಳುವ ಒಳ್ಳೆಯ ಕಪಾಟು.

“ನನಗೆ ಈ ಮನೆ ಬೇಡ. ನಾನು ಬರೋದಿಲ್ಲ,” ಎಂದಳು. “ಗಾರ್ಡಿನ ಒಂದು ಮಾತಿಗಾ?” ಎಂದ ಹಿತೇಶ್. “ಗಾರ್ಡಿನ ಮಾತಿಗಲ್ಲ. ನನಗೆ ಅಲ್ಲಿ ಕೆಲಸ ಉಂಟು. ನಾಳೆಗೆ ಅಕ್ಕಿ ನೆನೆ ಹಾಕಬೇಕು, ಉದ್ದು ನೆನೆ ಹಾಕಬೇಕು.” ಇಷ್ಟರ ತನಕ ನಗುತ್ತಿದ್ದ ಜಯಾನಂದ ಈಗ ಗಂಟಲು ಸರಿಮಾಡಿಕೊಂಡ. “ಎಂಥ ನಾಳೆ ನೀಲು. ಹೋಟೆಲನ್ನು ಕಾಂಟ್ರಾಕ್ಟಿಗೆ ಕೊಡೋದು ಅಂತ ಆಗಿದೆ. ಪಹಾಡ್‌ಗಂಜಿನ ದೇವೇಂದ್ರಪ್ಪನ ಹತ್ರ ಮಾತಾಡಿದ್ದೇನೆ, ನಾಳೆ ಹೂಂ ಅಂದ್ರೆ ಸಾಕು. ಅವನು ಹಿಟ್ಟು ಪ್ಯಾಕೆಟಲ್ಲಿ ತರಿಸ್ತಾನೆ. ನನ್ನ ಮೊಣಕಾಲು ಆಗೋದಿಲ್ಲ ಇನ್ನು. ಸಾಕಾಯ್ತು.” ಅವನ ಮೊಣಕಾಲು ಅವಳಿಗೆ ಗೊತ್ತಿಲ್ಲವೇ, ರಾತ್ರಿ ಎಣ್ಣೆ ತಿಕ್ಕುವ ಕೈ ಯಾರದ್ದು? “ನನ್ನನ್ನು ಕೇಳಿದ್ರಾ?” ಎಂದಳು. “ಕೇಳೋದೇನು ಅದರಲ್ಲಿ? ಗಂಡ ಹೆಂಡತಿ ಅಲ್ವಾ ನಾವು,” ಎಂದ ಜಯಾನಂದ, ನಿಜವಾಗಿಯೂ ಅರ್ಥವಾಗದವನ ಮುಖದಲ್ಲಿ. ಆಮೇಲೆ ಮಗನ ಭುಜ ತಟ್ಟಿ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೇಳಿದ, “ಈಗ ಸಿಟ್ಟಲ್ಲಿದ್ದಾಳೆ. ಸಂಜೆಗೆ ಸರಿಹೋಗ್ತಾಳೆ. ನೀನು ಬಾಲ್ಕನಿ ತೋರಿಸು ಮಾರಾಯ.” ಏಜೆಂಟು ಸಂತೋಷದಿಂದ ಗಾಜಿನ ಬಾಗಿಲು ಸರಿಸಿದ. ಎಲ್ಲರೂ ಹೊರಗೆ ಹೋಗಿ ಅಷ್ಟೆತ್ತರದಿಂದ ಕಾಣುವ ಪಾರ್ಕನ್ನು ನೋಡತೊಡಗಿದರು. ಮೋನಿಷಾ ಒಬ್ಬಳು ತಿರುಗಿ ನೋಡಿದಳು, ಏನೋ ಹೇಳಬೇಕೆಂದು ನಿಂತಳು, ನಿದ್ದೆಯಿಂದ ಎದ್ದ ಮಗು ಎಳೆಯಿತು, ಹೋದಳು.

ಸರಿಹೋಗುತ್ತಾಳೆ. ಇಷ್ಟು ವರ್ಷ ಸರಿಹೋಗಿದ್ದಾಳಲ್ಲ, ಅದಕ್ಕೇ ಅವನಿಗೆ ಅಷ್ಟು ಭರವಸೆ. ತವರಿನ ಬಂಗಾರ ಕಾವಲಿಯಾದಾಗ ಎರಡು ದಿನ ಮಾತು ಬಿಟ್ಟಳು, ಸರಿಹೋದಳು. ತಂಗಿಯ ಮದುವೆಗೆ ಸೀಸನ್ ಎಂದು ಕಳಿಸದಿದ್ದಾಗ ಉಪವಾಸ ಮಲಗಿದಳು, ಬೆಳಿಗ್ಗೆ ಎದ್ದು ಅರೆದಳು. ಅವಳ ಸಿಟ್ಟಿಗೂ ಹಿಟ್ಟಿನ ಹಾಗೆ ಒಂದು ರಾತ್ರಿ ಬಿಟ್ಟರಾಯಿತು ಎಂದು ಅವನು ತಿಳಿದಿದ್ದ. ನೀಲಾವತಿ ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಲಿಫ್ಟಿಗೆ ಹೋದಳು. ಮುಂದಿನ ಲಿಫ್ಟಿನ ಬಾಗಿಲು ತೆರೆದೇ ಇತ್ತು, ಕನ್ನಡಿ ಹೊಳೆಯುತ್ತಿತ್ತು. ಬೇಡ, ಬಂದದ್ದರಲ್ಲೇ ಇಳಿಯುತ್ತೇನೆ. ಗೇಟಿನಲ್ಲಿ ಕಾವಲಿನವನು ಬೆಳ್ಳಗೆ ಮುಖ ಮಾಡಿಕೊಂಡು ಎದ್ದು ನಿಂತ, ಮಾಫ್ ಕರನಾ ಮಾತಾಜಿ, ಗೊತ್ತಾಗಲಿಲ್ಲ ಎಂದು ಕೈ ಮುಗಿದ. ಅವನ ಕೈಗೆ ಕಾರ್ಡು ಕೊಟ್ಟು, “ನಿನ್ನ ತಪ್ಪಲ್ಲ ಭಯ್ಯಾ,” ಎಂದಳು. ಅವನಿಗೆ ಏನು ತೋಚಿತೋ, “ಹಾಗಾದರೆ ಯಾವಾಗ ಬರ್ತೀರಿ ಇಲ್ಲಿಗೆ?” ಎಂದು ಕೇಳಿದ. “ನಹೀಂ ಆವೂಂಗೀ. ಮೇರೇ ಪಾಸ್ ಕಾಮ್ ಹೈ,” ಎಂದಳು ನೀಲಾವತಿ. ನನಗೆ ಕೆಲಸವಿದೆ ಎಂಬ ಮಾತನ್ನು ಹೊರಗಿನವರೊಬ್ಬರಿಗೆ ಹೇಳಿದ್ದು ಇದೇ ಮೊದಲು ಎಂದು ರಸ್ತೆ ದಾಟುವಾಗ ಅನಿಸಿತು.

ಶೇರ್ ಆಟೋದಲ್ಲಿ ಆರು ಜನರ ನಡುವೆ ಕೂತು ಮೆಟ್ರೋ ಸ್ಟೇಶನ್ನಿಗೆ ಬಂದಳು. ಒಬ್ಬಳೇ ಇಷ್ಟು ದೂರ ಬಂದವಳಲ್ಲ, ಆದರೆ ಬಾಯಿ ಇತ್ತಲ್ಲ, ಕೇಳಿದಳು, ಜನ ಹೇಳಿದರು. ಹೆಂಗಸರ ಬೋಗಿಯಲ್ಲಿ ಸೀಟು ಸಿಕ್ಕಿತು. ಸೀರೆಯ ಮಡಿಲಿನಿಂದ ಮಗುವಿನ ವಾಂತಿಯ ಹುಳಿ ವಾಸನೆ ಬರುತ್ತಿತ್ತು. ಈಗ ಅಜ್ಜಿ ಎಲ್ಲಿ ಎಂದು ಕೇಳಿರುತ್ತದೆ. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳು. ತಾನು ಎಂಥ ಹೆಂಗಸು? ಮೊಮ್ಮಗಳಿಗಿಂತ ಒಂದು ತಪಲೆ ಹಿಟ್ಟು ಹೆಚ್ಚಾಯಿತೇ? ಹಿತೇಶ್ ಇದನ್ನೂ ಒಂದು ದಿನ ಗೆಳೆಯರ ಮುಂದೆ ಹೇಳುತ್ತಾನೆ, ಎಲ್ಲರೂ ನಗುತ್ತಾರೆ. ಹೆಚ್ಚು ಕಡಿಮೆಯ ಮಾತಲ್ಲ ಇದು, ಎಂದು ಅವಳು ಯಮುನೆಯ ಮಾಸಲು ನೀರಿಗೆ ಹೇಳಿದಳು. ಮಗು ನನ್ನ ಜೀವ. ಕೆಮ್ಮಿದರೆ ನನ್ನ ಎದೆ ಉರಿಯುತ್ತದೆ. ಅವರು ಹೋಗಲಿ, ಆ ಮನೆಗೆ ಖಂಡಿತ ಹೋಗಲಿ, ಮಗು ಬಿಸಿಲಲ್ಲಿ ಆಡಲಿ. ಆದರೆ ಅದಕ್ಕಾಗಿ ನಾನು ಇಲ್ಲವಾಗಬೇಕು ಎಂದರೆ ಆಗುವುದಿಲ್ಲ. ಅವರಿಬ್ಬರಿಗೂ ಕೆಲಸವಿದೆ, ಅದನ್ನು ಬಿಡು ಎಂದು ಯಾರೂ ಅವರಿಗೆ ಹೇಳಲಿಲ್ಲ. ನನ್ನದನ್ನು ಬಿಡಿಸುವಾಗ ಮಾತ್ರ ಅದಕ್ಕೆ ಆರಾಮ ಎಂದು ಹೆಸರು. ಬಚ್ಚಲಿನ ಕಿಟಕಿ ನೆನಪಾಯಿತು. ಬೇಕಿತ್ತು ಅದು. ಬೇಕಿದ್ದೂ ಬಿಟ್ಟು ಬಂದೆ. ಫೋನು ಚೀಲದಲ್ಲಿ ನಡುಗುತ್ತಲೇ ಇತ್ತು, ತೆಗೆಯಲಿಲ್ಲ.

ರಾಜೇಂದ್ರ ಪ್ಲೇಸಿನಲ್ಲಿ ಇಳಿದು ನಡೆದುಬಂದಾಗ ಸಂಜೆಯ ಗಿರಾಕಿಗಳು ತುಂಬಿದ್ದರು. ಹೋಟೆಲಿನ ಮುಂದೆ ಬಂದು ನಿಂತಳು. ಹಿಂದಿನ ಗಲ್ಲಿಗೆ ತಿರುಗಲು ಕಾಲು ಆಗಲೇ ಬಾಗಿತ್ತು. ಬೇಕಂತಲೇ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂಬಾಗಿಲಿನ ಮೆಟ್ಟಿಲು ಹತ್ತಿದಳು. ಒಳಗಿನಿಂದ ಅವಳಿಗೆ ಗೊತ್ತಿದ್ದ ಹೋಟೆಲು ಹೊರಗಿನಿಂದ ಚಿಕ್ಕದಾಗಿ, ಬೆಚ್ಚಗೆ ಕಂಡಿತು. ಬಾಗಿಲ ಬದಿಯಲ್ಲೇ ಗಲ್ಲಾ, ಅದರ ಹಿಂದೆ ಜಯಾನಂದನ ಕುರ್ಚಿ, ಅವನಿಲ್ಲದ್ದರಿಂದ ಮರಿಯಪ್ಪ ನಡುನಡುವೆ ಓಡಿಬಂದು ನೋಡಿಕೊಳ್ಳುತ್ತಿದ್ದ. ಕರಾವಳಿಯಿಂದ ಬಂದು ಈ ಊರಲ್ಲಿ ಹೋಟೆಲ್ ಹಾಕಿದವರ ಮನೆಗಳಲ್ಲಿ ಯಾರೂ ಬರೆಯದ ಒಂದು ಕಾನೂನಿದೆ, ಗಲ್ಲಾದಲ್ಲಿ ಗಂಡಸು, ಒಳಗೆ ಹೆಂಗಸು. ಮಾಲೀಕ ಕಾಯಿಲೆ ಬಿದ್ದರೆ ತಮ್ಮ ಕೂರುತ್ತಾನೆ, ಭಾವ ಕೂರುತ್ತಾನೆ, ಊರಿಂದ ಬಂದ ದೂರದ ನೆಂಟ ಬೇಕಾದರೂ ಕೂರುತ್ತಾನೆ. ಹೆಂಗಸು ಕೂತರೆ ಆ ಮನೆಯಲ್ಲಿ ಗಂಡಸರಿಗೆ ಗತಿಯಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ನೀಲಾವತಿ ಕುರ್ಚಿಯನ್ನು ಎಳೆದು ಕೂತಳು. ಸಾಂಬಾರಿನ ಬಕೆಟ್ ಹಿಡಿದು ಬಂದ ಮರಿಯಪ್ಪ ಅಲ್ಲೇ ನಿಂತ. “ಅಮ್ಮಾ, ನೀವು... ಇಲ್ಲಿ?” “ಯಾಕೆ, ಕುರ್ಚಿ ಕಚ್ಚುತ್ತದಾ?” ಎಂದಳು. “ಹೋಗು, ಆ ಮೂಲೆಯವರು ಚಟ್ನಿ ಕೇಳ್ತಿದ್ದಾರೆ.”

ಹೆಗಲಿಗೆ ಭಾರದ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಮರಿಯಪ್ಪನಿಗೆ ಬರ್ತೀನಿ ಎನ್ನುತ್ತ ದುಡ್ಡು ಕೊಡಲು ಬಂದಳು, ಧ್ವನಿಯಿಂದಲೇ ಗುರುತು ಸಿಕ್ಕಿತು. ಮರಿಯಪ್ಪ ಅವಳೊಡನೆ ಕನ್ನಡದಲ್ಲಿ ಮಾತಾಡುವುದನ್ನು ನೀಲಾವತಿ ಗೋಡೆಯ ಆಚೆಯಿಂದ ಎಷ್ಟೋ ದಿನ ಕೇಳಿದ್ದಳು, ಪ್ರೇರಣಾ ಎಂದು ಹೆಸರು, ಹಾವೇರಿಯ ಕಡೆಯವಳು, ಐಎಎಸ್ ಓದಲು ಬಂದವಳು. ಮುಖ ನೋಡಿದ್ದು ಇವತ್ತೇ. “ಅಂಕಲ್ ಇಲ್ವಾ?” ಎಂದಳು ಹುಡುಗಿ. “ನಾನಿದ್ದೇನಲ್ಲ. ದೋಸೆ ಹೇಗಿತ್ತು?” ಹುಡುಗಿಯ ಮುಖ ಅರಳಿತು. “ನೀವು ಅಂಕಲ್ ಮನೆಯವರಾ ಆಂಟಿ! ದೋಸೆ ಯಾವಾಗ್ಲೂ ಚಲೋನೇ ಇರುತ್ತೆ. ಎರಡು ವರ್ಷದಿಂದ ಇಲ್ಲೇ ತಿಂತೀನಿ. ಯಾರು ಮಾಡೋದು, ಒಳಗಿನ ಭಟ್ರಾ?” ನೀಲಾವತಿ ಅವಳನ್ನೇ ನೋಡಿದಳು. “ನಾನು. ಹಿಟ್ಟು ನನ್ನದು,” ಎಂದಳು. ಹೌದಾ ಆಂಟಿ, ಎಂದು ಹುಡುಗಿ ಇನ್ನೂ ಏನೋ ಕೇಳುವಷ್ಟರಲ್ಲಿ ಫೋನು ಮತ್ತೆ ನಡುಗಿತು. ಈ ಸಲ ತೆಗೆದಳು.

“ಅಮ್ಮ! ಎಲ್ಲಿದ್ದೀ? ಎಷ್ಟು ಸಲ ಮಾಡೋದು? ಇಡೀ ಸೊಸೈಟಿ ಹುಡುಕಿದ್ವಿ,” ಹಿತೇಶನ ಧ್ವನಿ ಒಡೆದಿತ್ತು, ಹೆದರಿದ್ದ ಪಾಪ. ಹಿಂದೆ ಮಗುವಿನ ಅಳು. “ಕೇಳಿಸ್ತಿದೆಯಾ? ನಿರೀಕ್ಷಾ ಅಳ್ತಿದ್ದಾಳೆ. ಅಜ್ಜಿ ಬೇಕಂತೆ.” ಕಣ್ಣು ಮುಚ್ಚಿಕೊಂಡಳು, ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. “ಎತ್ತಿಕೋ ಮಗಾ,” ಎಂದಳು. “ಹೆಗಲ ಮೇಲೆ ಹಾಕಿ ಬೆನ್ನು ತಟ್ಟು. ನೀನು ಅಪ್ಪ ಅಲ್ವಾ?” ಹುಡುಗಿ ಕೊಟ್ಟ ದುಡ್ಡನ್ನು ಗಲ್ಲಾದೊಳಗೆ ಹಾಕುತ್ತ ಮುಂದುವರಿಸಿದಳು. “ಆ ಮನೆ ತಗೋ. ಒಳ್ಳೇ ಮನೆ. ಮಗುವಿಗೆ ಒಳ್ಳೇದು. ನೋಡ್ಕೊಳ್ಳಲಿಕ್ಕೆ ಒಬ್ಬಳನ್ನು ಹುಡುಕಿ, ಭಾನುವಾರ ಅವಳಿಗೆ ರಜೆ ಕೊಡಿ. ನಾನು ಬರುವಾಗ ದೊಡ್ಡ ಗೇಟಿಂದ ಬರ್ತೇನೆ, ಅಜ್ಜಿಯಾಗಿ ಬರ್ತೇನೆ.” ಫೋನು ಕೈ ಬದಲಾಯಿತು. ಜಯಾನಂದನ ಉಸಿರು ಅವಳಿಗೆ ಗೊತ್ತಾಗುತ್ತದೆ. “ನೀಲು, ಎಂಥ ಹುಚ್ಚು ಇದು? ಎಲ್ಲಿದ್ದಿ ನೀನು? ಆ ಗದ್ದಲ ಎಂಥದ್ದು?” “ಗಲ್ಲಾದಲ್ಲಿದ್ದೇನೆ,” ಎಂದಳು. “ದೇವೇಂದ್ರಪ್ಪನಿಗೆ ಫೋನ್ ಮಾಡಿ ಬೇಡ ಅಂತ ಹೇಳಿ. ನಿಮ್ಮ ಕಾಲಿಗೆ ಸಾಕಾಗಿದ್ರೆ ನೀವು ಮಗನ ಮನೆಯಲ್ಲಿ ಆರಾಮಾಗಿರಿ. ಇದನ್ನು ನಾನು ನಡೆಸ್ತೇನೆ.”

ಜಯಾನಂದ ಕಾಂಟ್ರಾಕ್ಟಿನ ಮಾತೆತ್ತಲಿಲ್ಲ, ಮನೆಯ ಮಾತೆತ್ತಲಿಲ್ಲ. ಧ್ವನಿ ತಗ್ಗಿಸಿ, ಪಕ್ಕದಲ್ಲಿದ್ದ ಮಗನಿಗೂ ಕೇಳಿಸಬಾರದೆಂಬಂತೆ ಹೇಳಿದ, “ಗಲ್ಲಾದಲ್ಲಾ? ಮೊದಲು ಅಲ್ಲಿಂದ ಏಳು ಮಾರಾಯ್ತಿ. ಜನ ನೋಡ್ತಾರೆ.”

“ನೋಡ್ಲಿ ಅಂತಲೇ ಕೂತದ್ದು,” ಎಂದಳು ನೀಲಾವತಿ. ಫೋನು ಇಟ್ಟು, ಕುರ್ಚಿಯನ್ನು ಇನ್ನೊಂದಿಷ್ಟು ಮುಂದಕ್ಕೆ, ಬಾಗಿಲಿನ ಬೆಳಕಿಗೆ ಎಳೆದುಕೊಂಡಳು.